ಒಂದೇ ಪುಟ, ಎರಡು ಕೈ

ನಮ್ಮ ಕಾಲದಲ್ಲಿ ಒಂದು ಪುಟವನ್ನು ಇಬ್ಬರು ಟೈಪ್ ಮಾಡುತ್ತಿದ್ದರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡುವಂತಿರಲಿಲ್ಲ. ಎರಡೂ ಮುಗಿದ ಮೇಲೆ ಕಂಪ್ಯೂಟರು ಅವನ್ನು ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಿತ್ತು. ವ್ಯತ್ಯಾಸ ಇದ್ದ ಕಡೆ ಕೆಂಪು ಬಣ್ಣ ಬರುತ್ತಿತ್ತು. ಆ ಕೆಂಪನ್ನು ಮೂರನೆಯವರೊಬ್ಬರು ಮೂಲ ಪುಟದ ಜೊತೆ ತಾಳೆ ನೋಡಿ, ಇಬ್ಬರಲ್ಲಿ ಯಾರದು ಸರಿ ಎಂದು ತೀರ್ಮಾನಿಸಿ, ಪುಟವನ್ನು ಪಾಸ್ ಮಾಡುತ್ತಿದ್ದರು. ಈಗ ಈ ಕೆಲಸಕ್ಕೆ ಸೇರುವ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಒಂದೇ ಕೆಲಸಕ್ಕೆ ಇಬ್ಬರು ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಲು ಈ ಬರಹ.

ಇಬ್ಬರಲ್ಲಿ ಮೊದಲ ಕೈ ನಾನು. ಎರಡನೆಯ ಕೈ ನನ್ನ ಯಜಮಾನರು, ಮಹದೇವು. ಹೋದ ಕಾರ್ತಿಕದಲ್ಲಿ ಅವರು ತೀರಿಕೊಂಡರು. ಅವರಿದ್ದಿದ್ದರೆ ಈ ಬರಹವನ್ನು ಅವರೂ ಒಂದು ಸಲ ಬರೆಯುತ್ತಿದ್ದರು, ಆಮೇಲೆ ಎರಡನ್ನೂ ಇಟ್ಟು ನೋಡಬಹುದಿತ್ತು. ಈಗ ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಆದರೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಮಾಡಿದ ಕೆಲಸ. ಬರೆಯುವುದರಲ್ಲಿ ನನಗೆ ಅಳುಕಿಲ್ಲ.

ಚಾಮರಾಜಪುರಂನಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿ ನಮ್ಮ ಆಫೀಸು. ನಮ್ಮ ಮೇಲಿನವರು ಪುಟ್ಟಸ್ವಾಮಿ ಸರ್. ಹಿಂದೆ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು. ನಾನು ಪಿಯುಸಿ ಮುಗಿಸಿ, ಟೈಪಿಂಗ್ ಸೀನಿಯರ್ ಪಾಸಾಗಿ, ಸರ್ಟಿಫಿಕೇಟು ಹಿಡಿದು ಹೋದಾಗ ಅವರು ಅದನ್ನು ನೋಡಲೇ ಇಲ್ಲ.

"ಪೋರ್ಚುಗೀಸ್ ಬರುತ್ತೇನಮ್ಮ?" ಎಂದರು.

"ಇಲ್ಲ ಸರ್."

"ಒಳ್ಳೇದಾಯ್ತು. ಬರೋರನ್ನ ನಾನು ತಗೊಳೋದಿಲ್ಲ."

ತಮಾಷೆ ಎಂದುಕೊಂಡೆ. ಅಲ್ಲ. "ಅರ್ಥ ಆಗ್ಬುಟ್ರೆ ಕಣ್ಣು ಮುಂದಕ್ಕೆ ಓಡ್ತದೆ, ಕೈ ಅದರ ಹಿಂದೆ ಓಡ್ತದೆ. ಕಾಗದದಲ್ಲಿ ಇಲ್ಲದ್ದನ್ನೂ ಒತ್ತುಬುಡ್ತೀರ. ಅರ್ಥ ಆಗದೋರು ಇದ್ದಿದ್ದನ್ನ ಇದ್ದಂಗೆ ಒತ್ತುತಾರೆ ಕಣಮ್ಮ" ಎಂದರು. ಈ ಕಸುಬಿನ ಮೊದಲ ಪಾಠ ಇದೇ. ಕೊನೆಯ ಪಾಠವೂ ಇದೇ ಎಂದು ಆಮೇಲೆ ಗೊತ್ತಾಯಿತು.

ಕೆಲಸ ಬರುತ್ತಿದ್ದದ್ದು ಅಮೆರಿಕದ ಪೂರ್ವ ಕರಾವಳಿಯ ಒಂದು ಊರಿನ ಗ್ರಂಥಾಲಯದಿಂದ. ಆ ಊರಿನಲ್ಲಿ ಪೋರ್ಚುಗೀಸ್ ಮಾತನಾಡುವ ಜನ ಹಿಂದಿನಿಂದಲೂ ಇದ್ದಾರೆ. ಅವರು ತಮ್ಮ ಭಾಷೆಯಲ್ಲೇ ವಾರಪತ್ರಿಕೆಗಳನ್ನು ನಡೆಸುತ್ತಿದ್ದರು. ಆ ಹಳೆಯ ಪತ್ರಿಕೆಗಳ ಪುಟಗಳನ್ನು ಫೋಟೋ ತೆಗೆದು ಮೈಸೂರಿಗೆ ಕಳಿಸುತ್ತಿದ್ದರು. ನಾವು ಅಕ್ಷರ ಒತ್ತಿ ಕೊಟ್ಟರೆ, ಅಲ್ಲಿ ಕೂತು ಯಾರಾದರೂ ತಮ್ಮ ತಾತನ ಹೆಸರು ಹಾಕಿ ಹುಡುಕಬಹುದು. ನಾವು ಒತ್ತದೆ ಬಿಟ್ಟ ಹೆಸರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇಷ್ಟು ಮಾತ್ರ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಅವರ ಅಕ್ಷರಗಳಿಗೆ ಬಾಲ, ಟೋಪಿ, ಅಲೆಗಳಿದ್ದವು. ನಾವು ಬಾಲದ ಸಿ, ಟೋಪಿ ಇ, ಹಾವಿನ ಎ ಎಂದು ಹೆಸರಿಟ್ಟುಕೊಂಡೆವು. ವೇಗ ಒಂದೇ ಇದ್ದವರನ್ನು ಜೋಡಿ ಮಾಡುವುದು ಪದ್ಧತಿ. ನನ್ನ ವೇಗಕ್ಕೆ ಸರಿಯಾದವರು ಮಹದೇವು ಒಬ್ಬರೇ. ನಂಜನಗೂಡಿನ ಕಡೆಯ ಹಳ್ಳಿಯವರು, ಮೈಸೂರಿನ ಹಾಸ್ಟೆಲಿನಲ್ಲಿದ್ದು ಓದಿದವರು. ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದೆವು. ಒಂದು ವರ್ಷ ತಿರುಗಿ ತಿರುಗಿ ಅವರ ಬೆನ್ನನ್ನೇ ನೋಡಿ, ಮಾರನೆಯ ವರ್ಷ ಮದುವೆಯಾದೆ.

ಮದುವೆಯಾದರೂ ನಿಯಮ ನಿಯಮವೇ. ಜೋಡಿಯವರು ಪುಟದ ವಿಷಯ ಮಾತನಾಡಬಾರದು. ಮಾತನಾಡಿದರೆ ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತದೆ. ಹಾಗಾಗಿ ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲಿ ಆಫೀಸಿನ ಮಾತೇ ಇರಲಿಲ್ಲ. "ಗಂಡ ಹೆಂಡ್ತಿ ಮಧ್ಯ ಗುಟ್ಟು ಇರ್ಬಾರ್ದು ಅಂತಾರೆ. ನಮ್ಮಲ್ಲಿ ದಿನಕ್ಕೆ ಆರು ಪುಟ ಗುಟ್ಟು ಕಣೇ ರತ್ನ" ಎನ್ನುತ್ತಿದ್ದರು.

ಆದರೆ ಬಾಯಿ ಮುಚ್ಚಿಸಬಹುದು, ತಲೆಯನ್ನು ಮುಚ್ಚಿಸಲು ಆಗುವುದಿಲ್ಲ. ನಮ್ಮ ಸಾಲಿನಲ್ಲಿ ಮಂಗಳೂರಿನ ಲವೀನಾ ಇದ್ದಳು, ಮನೆಮಾತು ಕೊಂಕಣಿ. ಒಂದು ದಿನ ಅವಳು ಪರದೆಯ ಮೇಲಿನ ಒಂದು ಮಾತಿಗೆ ಬೆರಳಿಟ್ಟು, "ಅಯ್ಯೋ, ಇದು ನಮ್ಮ ಇಗರ್ಜಿ!" ಎಂದು ಕೂಗಿಬಿಟ್ಟಳು. ಅವರ ಮನೆಯಲ್ಲಿ ಚರ್ಚಿಗೆ ಹಾಗೆ ಹೇಳುತ್ತಾರಂತೆ. ಬಕೆಟ್ಟಿಗೆ ಅವಳು ಹೇಳುವ ಬಾಲ್ದಿ ಅಲ್ಲಿತ್ತು, ಬೀಗದ ಕೈಗೆ ಹೇಳುವ ಚಾವಿಯೂ ಇತ್ತು. ಬ್ರೆಡ್ಡಿಗೆ ಪೋರ್ಚುಗೀಸರು ಹೇಳುವುದು ಹೆಚ್ಚುಕಡಿಮೆ ನಮ್ಮ ಪಾವ್ ಭಾಜಿಯ ಪಾವ್. ಪುಟ್ಟಸ್ವಾಮಿ ಸರ್ ತಲೆ ಚಚ್ಚಿಕೊಂಡರು. "ಲವೀನಾ, ಇನ್ನೊಂದು ಪದ ಕಂಡುಹಿಡಿದ್ರೆ ಸಂಬಳ ಕಟ್!" ಆದರೆ ಬಾಗಿಲು ತೆರೆದಾಗಿತ್ತು. ವರ್ಷ ಕಳೆದಂತೆ ನಮಗೆ ಗೊತ್ತಿಲ್ಲದೆಯೇ ಒಂದಿಷ್ಟು ಭಾಷೆ ಬಂದುಬಿಟ್ಟಿತ್ತು.

ಆ ಪುಟಗಳಲ್ಲಿದ್ದ ಜನರ ವಿಷಯ ಹೇಳುತ್ತೇನೆ. ಅವರಲ್ಲಿ ಹೆಚ್ಚಿನವರು ಪೋರ್ಚುಗಲ್ಲಿನ ಮುಖ್ಯ ನೆಲದವರಲ್ಲ, ಅಟ್ಲಾಂಟಿಕ್ ಸಮುದ್ರದ ಮಧ್ಯದ ಅಸೋರ್ಸ್ ದ್ವೀಪಗಳವರು. ಮೊದಲು ಹೋದವರು ತಿಮಿಂಗಿಲ ಹಿಡಿಯುವ ಹಡಗುಗಳಲ್ಲಿ ಕೂಲಿ ಮಾಡುತ್ತಾ ಹೋದರು. ಆಮೇಲಿನವರು ಬಟ್ಟೆ ಮಿಲ್ಲುಗಳಿಗೆ ಸೇರಿದರು, ಗಂಡಸರ ಜೊತೆ ಹೆಂಗಸರೂ ಮಕ್ಕಳೂ. ಇನ್ನು ಕೆಲವರು ಪಶ್ಚಿಮ ಕರಾವಳಿಗೆ ಹೋಗಿ ಹಸು ಕಟ್ಟಿ ಹಾಲಿನ ವ್ಯಾಪಾರ ಮಾಡಿದರು. ಆಫ್ರಿಕಾದ ಪಕ್ಕದ ಕೇಪ್ ವರ್ಡ್ ದ್ವೀಪಗಳಿಂದ ಬಂದವರೂ ಇದ್ದರು. ಅವರ ಮೈಬಣ್ಣ ಕಪ್ಪು. ಭಾಷೆ ಒಂದೇ ಆದರೂ ಅವರ ಕ್ಲಬ್ಬು ಬೇರೆ, ಕೂರುವ ಜಾಗ ಬೇರೆ. ಅದನ್ನು ಓದಿದ ದಿನ ಮಹದೇವು ಊಟದ ಡಬ್ಬಿ ತೆರೆಯಲಿಲ್ಲ. ತಮ್ಮ ಊರಿನ ಹೋಟೆಲಿನ ಬೇರೆ ಲೋಟದ ವಿಷಯ ಅವರು ನನಗೆ ಮೊದಲೇ ಹೇಳಿದ್ದರು. ಹೊಸ ಕಾಲದ ಪುಟಗಳಲ್ಲಿ ಬ್ರೆಜಿಲಿನವರು ಬರುತ್ತಾರೆ. ಮನೆ ಗುಡಿಸಿ ಒರೆಸುವ ಕೆಲಸಕ್ಕೆ ಬೇಕಾಗಿದ್ದಾರೆ ಎಂಬ ಜಾಹೀರಾತುಗಳ ಪಕ್ಕದಲ್ಲೇ ಊರಿಗೆ ಹಣ ಕಳಿಸುವ ಅಂಗಡಿಯ ಜಾಹೀರಾತು.

ಒಂದೊಂದು ದ್ವೀಪದವರಿಗೆ ಒಂದೊಂದು ಸಂಘ, ಒಂದೊಂದು ಬ್ಯಾಂಡು. ಮೈಸೂರಿನಲ್ಲಿ ಒಂದೊಂದು ಜನಕ್ಕೆ ಒಂದೊಂದು ಹಾಸ್ಟೆಲ್, ಒಂದೊಂದು ಸಮುದಾಯ ಭವನ ಇರುವ ಹಾಗೆ. ಅವರಿಗೆ ಪವಿತ್ರಾತ್ಮದ ಹಬ್ಬ ದೊಡ್ಡದು. ಒಂದು ಬೆಳ್ಳಿ ಕಿರೀಟ ವಾರಕ್ಕೊಂದು ಮನೆಯಂತೆ ಇದ್ದು, ಕೊನೆಗೆ ಮೆರವಣಿಗೆಯಲ್ಲಿ ಚರ್ಚಿಗೆ ಹೋಗುತ್ತದೆ. ಅಲ್ಲಿ ಮಿಲ್ ಕೂಲಿಯವನ ಮಗಳ ತಲೆಯ ಮೇಲೆ ಆ ಕಿರೀಟ ಇಡುತ್ತಾರೆ. ಆಮೇಲೆ ಬಂದವರಿಗೆಲ್ಲ ಮಾಂಸದ ಸಾರು, ಬ್ರೆಡ್ಡು. ಯಾರು ಏನು ಎಂದು ಕೇಳುವುದಿಲ್ಲ.

ಇನ್ನೊಂದು ಪದ್ಧತಿ ಇತ್ತು. ನಮ್ಮ ಪತ್ರಿಕೆಗಳಲ್ಲಿ ಯಾರಾದರೂ ಸತ್ತರೆ ಫೋಟೋ ಹಾಕಿ ಶ್ರದ್ಧಾಂಜಲಿ ಎಂದು ಹಾಕಿಸುತ್ತೇವೆ. ಅದು ಸತ್ತವರಿಗೆ. ಅವರು ಬದುಕಿದವರಿಗೆ ಹಾಕಿಸುತ್ತಿದ್ದರು. ಮಣ್ಣು ಮುಗಿದ ಮೇಲೆ ಹೆಂಡತಿ ಒಂದು ಸಣ್ಣ ಪ್ರಕಟಣೆ ಕೊಡುತ್ತಿದ್ದಳು. ಕಾಯಿಲೆಯಲ್ಲಿ ಬಂದು ನೋಡಿದವರಿಗೆ, ಹೂ ತಂದವರಿಗೆ, ಶವದ ಹಿಂದೆ ನಡೆದವರಿಗೆ ಕೃತಜ್ಞತೆ. ಕೆಲವರ ಹೆಸರು, ಕೊನೆಗೆ ಅವಳ ಹೆಸರು.

ನಮ್ಮ ದೊಡ್ಡ ಎಡವಟ್ಟು ನಡೆದದ್ದು ಅಂಥ ಒಂದು ಪ್ರಕಟಣೆಯಲ್ಲಿ.

ಆ ಪುಟದ ಒಂದು ಕಾಲಮ್ಮಿನಲ್ಲಿ ಹಬ್ಬದ ವರದಿ. ಮುಂದೆ ಬ್ಯಾಂಡು, ಅದರ ಹಿಂದೆ ಕಿರೀಟದ ಹುಡುಗಿ, ಅವಳ ಹಿಂದೆ ಸಂಘದವರು, ಅವರ ಹಿಂದೆ ನಡೆದವರು ಎಂಬಲ್ಲಿಗೆ ಕಾಲಮ್ಮು ಮುಗಿದಿತ್ತು. ವರದಿಯ ಉಳಿದ ಭಾಗ ಒಳಪುಟದಲ್ಲಿತ್ತು. ಪಕ್ಕದ ಕಾಲಮ್ಮಿನ ತಲೆಯಲ್ಲಿ ಇದ್ದದ್ದು ಒಬ್ಬ ವಿಧವೆಯ ಪ್ರಕಟಣೆ. ಅದೂ ಹಿಂದೆ ನಡೆದವರ ಹೆಸರುಗಳಿಂದಲೇ ಶುರುವಾಗಿತ್ತು. ಇದು ಬೇರೆ ಎಂದು ತೋರಿಸಲು ಪ್ರಕಟಣೆಯ ಮೇಲೆ ಒಂದು ತೆಳುಗೆರೆ ಇತ್ತು, ಅಚ್ಚು ಸವೆದು ಅರ್ಧ ಅಳಿಸಿತ್ತು. ಭಾಷೆ ತಿಳಿಯದ ಹೊಸಬರಾಗಿದ್ದರೆ ಆ ಅರ್ಧ ಗೆರೆಗೇ ನಿಲ್ಲುತ್ತಿದ್ದರು. ನಮಗೆ ಅರ್ಥವಾಗುತ್ತಿತ್ತಲ್ಲ! ಮೆರವಣಿಗೆ ಮುಂದುವರಿದಿದೆ ಎಂದುಕೊಂಡು ಎರಡನ್ನೂ ಕೂಡಿಸಿ ಒತ್ತಿದೆ. ನನ್ನ ಬೆನ್ನ ಹಿಂದೆ ಕೂತಿದ್ದ ಮಹದೇವು ಕೂಡ, ನನ್ನನ್ನು ಕೇಳದೆ, ಅದನ್ನೇ ಮಾಡಿದರು. ಎರಡೂ ಒಂದೇ ಥರ ಇದ್ದುದರಿಂದ ಕಂಪ್ಯೂಟರಿನಲ್ಲಿ ಒಂದು ಚುಕ್ಕೆ ಕೆಂಪೂ ಬರಲಿಲ್ಲ. ಪುಟ ಪಾಸಾಯಿತು.

ಕೆಲವು ತಿಂಗಳ ಮೇಲೆ ಆ ಗ್ರಂಥಾಲಯದ ಒಲಿವಿಯಾ ಮೇಡಂ ಮೇಲ್ ಕಳಿಸಿದರು. ಅವರೂ ಆ ಜನರ ಪೈಕಿಯೇ. ಪುಟ್ಟಸ್ವಾಮಿ ಸರ್ ಎಲ್ಲರ ಎದುರು ಕನ್ನಡದಲ್ಲಿ ಹೇಳಿದರು: "ಕೇಳಿಸ್ಕೊಳ್ಳಿ. ಆಯಮ್ಮ ಅವರ ತಾತನ ಹೆಸರು ಹಾಕಿ ಹುಡುಕಿದ್ರಂತೆ. ತಾತನ ಶವದ ಹಿಂದೆ ಹೋದೋರೆಲ್ಲ ಹಬ್ಬದ ಮೆರವಣಿಗೇಲಿ ಸಿಕ್ಕಿದ್ರಂತೆ. ನಮ್ಮ ತಾತಂಗೆ ಬ್ಯಾಂಡು ಇಷ್ಟ, ಅವರೇನೂ ಬೇಜಾರು ಮಾಡ್ಕೊಳಲ್ಲ, ಆದ್ರೆ ನಮ್ಮಜ್ಜಿ ಹೇಳಿದ ಕೃತಜ್ಞತೆ ಕಾಣೆಯಾಗಿದೆ, ದಯವಿಟ್ಟು ವಾಪಸ್ ಕೊಡಿ ಅಂತ ಬರ್ದವ್ರೆ."

ಎಲ್ಲರೂ ನಕ್ಕರು. ನಾವಿಬ್ಬರು ನಗಲಿಲ್ಲ.

ಸರ್ ಹಳೆಯ ಫೈಲುಗಳನ್ನು ತೆಗೆಸಿ ನೋಡಿದರು. ಕೆಂಪು ಬರದೆ ಪಾಸಾದ ನಮ್ಮ ಪುಟಗಳಲ್ಲಿ ಇಂಥವು ಇನ್ನೂ ಕೆಲವು ಸಿಕ್ಕವು. ನಾವಿಬ್ಬರೂ ಒಂದೇ ಕಡೆ ಎಡವಿದ್ದೆವು. ಒಂದೇ ಮನೆಯ ಊಟ, ಒಂದೇ ಸ್ಕೂಟರು, ಒಂದೇ ಥರದ ಯೋಚನೆ. "ಏನಪ್ಪಾ ಮಹದೇವು, ನೀವಿಬ್ರೂ ಒಂದೇ ಮನುಷ್ಯ ಆಗೋಗಿದ್ದೀರಿ. ಒಬ್ಬ ಮನುಷ್ಯಂಗೆ ನಾನ್ಯಾಕೆ ಎರಡು ಸಂಬಳ ಕೊಡ್ಲಿ?" ಎಂದರು. ಮಾರನೆಯ ದಿನವೇ ನಮ್ಮ ಜೋಡಿ ಮುರಿದರು. ನನಗೆ ಲವೀನಾ, ಅವರಿಗೆ ಒಬ್ಬ ಹೊಸ ಹುಡುಗ.

ಅದು ಸರಿಯಾದ ಕೆಲಸ. ಈಗಲೂ ಹೇಳುತ್ತೇನೆ, ಜೋಡಿ ಮಾಡುವಾಗ ಸ್ನೇಹಿತರನ್ನು ಮಾಡಬೇಡಿ. ನಿಮ್ಮ ತಪ್ಪು ಹಿಡಿಯಬೇಕಾದವರು ನಿಮ್ಮ ಹಾಗೆ ಯೋಚಿಸಬಾರದು.

ಆದರೆ ಪುಟ್ಟಸ್ವಾಮಿ ಸರ್‌ಗೂ ಮೇಲಿನವರು ಮಾಡಿದ ಕೆಲಸ ಸರಿ ಇರಲಿಲ್ಲ. ಗ್ರಂಥಾಲಯಕ್ಕೂ ನಮಗೂ ನಡುವೆ ಬೆಂಗಳೂರಿನ ಒಂದು ಕಂಪನಿ ಇತ್ತು. ಅವರು ಹೊಸ ನಿಯಮ ಕಳಿಸಿದರು. ಗೆರೆ ಹಾಕಿದ ಸಣ್ಣ ಪ್ರಕಟಣೆಗಳನ್ನೆಲ್ಲ ಜಾಹೀರಾತು ಎಂದು ಗುರುತು ಮಾಡಿ, ಟೈಪ್ ಮಾಡಬೇಡಿ. ಒತ್ತದಿದ್ದರೆ ತಪ್ಪೇ ಆಗುವುದಿಲ್ಲ ಎಂಬುದು ಅವರ ಲೆಕ್ಕ. ಸೋಪು, ಚಪ್ಪಲಿ, ಹಡಗಿನ ಟಿಕೆಟ್ಟಿನ ಜೊತೆ ಈ ಹೆಂಗಸರ ಪ್ರಕಟಣೆಗಳೂ ಹೋಗುತ್ತಿದ್ದವು. ಅಜ್ಜಿಯದನ್ನು ವಾಪಸ್ ಕೊಡಿ ಎಂದು ಕೇಳಿದ್ದಕ್ಕೆ, ಎಲ್ಲ ಅಜ್ಜಿಯರದನ್ನೂ ತೆಗೆದ ಹಾಗಾಯಿತು.

ಮಹದೇವು ಜಗಳಗಂಟರಲ್ಲ. ಆವತ್ತು ಕುರ್ಚಿ ಬಿಟ್ಟು ಎದ್ದು ಹೋದರು.

"ಸರ್, ಇದು ಜಾಹೀರಾತಾ?"

"ಗೆರೆ ಐತಲ್ಲಪ್ಪ."

"ಗೆರೆ ಇದ್ರೆ? ಆಯಮ್ಮ ಏನು ಮಾರ್ತಾ ಅವ್ಳೆ ಸರ್?"

ಪುಟ್ಟಸ್ವಾಮಿ ಸರ್ ಬೆಂಗಳೂರಿನ ಕಾಗದವನ್ನು ಅವರ ಮುಂದೆ ತಳ್ಳಿದರು. "ಮೇಲಿಂದ ಬಂದಿರೋ ಆರ್ಡರು ಕಣೋ. ಇಲ್ಲ ಅಂದ್ರೆ ಕೆಲಸಾನೇ ಬೇರೆ ಊರಿಗೆ ಕೊಡ್ತಾರೆ."

"ಕೊಡ್ಲಿ ಬುಡಿ. ಹೆಸರು ಅಳ್ಸೋ ಕೆಲಸಕ್ಕೆ ಇಬ್ಬರು ಯಾಕೆ, ಒಬ್ಬರು ಸಾಕು."

ಹೀಗೆ ಹೇಳಿ ಬಂದು ಕೂತರು. ನಮ್ಮಿಬ್ಬರ ಸಂಬಳವೂ ಆ ಮಹಡಿಯ ಮೇಲೇ ಇತ್ತು, ಮಗಳು ಶ್ರುತಿ ಆಗ ಶಾಲೆಯಲ್ಲಿದ್ದಳು. ಸ್ಕೂಟರಿನಲ್ಲಿ ಬರುವಾಗ, "ಕೆಲಸ ಹೋದ್ರೆ ಏನ್ರೀ ಮಾಡೋದು?" ಎಂದೆ. "ಪಾವ್ ಭಾಜಿ ಗಾಡಿ ಇಡೋಣ. ನಾನು ಪಾವ್, ನೀನು ಭಾಜಿ" ಎಂದರು.

ಗಾಡಿ ಇಡಬೇಕಾಗಲಿಲ್ಲ. ಪುಟ್ಟಸ್ವಾಮಿ ಸರ್ ಬೆಂಗಳೂರಿನವರನ್ನು ದಾಟಿ ನೇರವಾಗಿ ಒಲಿವಿಯಾ ಮೇಡಂಗೆ ಬರೆದರು. ಒಂದೇ ಪುಟವನ್ನು ಎರಡು ಥರ ಮಾಡಿ ಕಳಿಸಿದರು, ಪ್ರಕಟಣೆ ಬಿಟ್ಟು ಒಂದು, ಒತ್ತಿ ಒಂದು. ಯಾವುದು ಬೇಕೋ ನೀವೇ ಹೇಳಿ ಎಂದರು. ಹೀಗೆ ದಾಟಿ ಹೋದದ್ದಕ್ಕೆ ಅವರು ಮಾತು ಕೇಳಬೇಕಾಯಿತು. "ಪ್ರೆಸ್ಸಲ್ಲಿ ಇಂಥವು ಎಷ್ಟು ಜೋಡಿಸಿದ್ದೀನೋ. ಒಂದಕ್ಷರ ಕೈ ತಪ್ಪಿದ್ರೆ ಮನೆಯೋರು ಬಂದು ಅಳೋರು. ಸೋಪಿನೋರು ಯಾವತ್ತೂ ಬಂದು ಅತ್ತಿಲ್ಲ" ಎಂದಷ್ಟೇ ನಮಗೆ ಹೇಳಿದರು.

ಒಲಿವಿಯಾ ಮೇಡಂ ಉತ್ತರ ಬೇಗ ಬಂತು. ಆ ಹಳೆಯ ಪತ್ರಿಕೆಗಳಲ್ಲಿ ಗಂಡಸರ ಹೆಸರು ಎಲ್ಲ ಕಡೆ ಸಿಗುತ್ತದೆ, ಸಂಘದಲ್ಲಿ, ಬ್ಯಾಂಡಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ. ಮಿಲ್ಲಿನಲ್ಲಿ ಜೀವ ತೇದ ಹೆಂಗಸರ ಹೆಸರು ಅಚ್ಚಾಗುತ್ತಿದ್ದದ್ದು ಅಪರೂಪ. ಹುಡುಗಿಯಾಗಿದ್ದಾಗ ಕಿರೀಟ ಹೊತ್ತರೆ ಒಂದು ಸಲ, ವಿಧವೆಯಾಗಿ ಕೃತಜ್ಞತೆ ಹೇಳಿದರೆ ಒಂದು ಸಲ. ನಮ್ಮಜ್ಜಿ ಕಿರೀಟ ಹೊತ್ತವಳಲ್ಲ, ಅವಳಿಗೆ ಇರುವುದು ಇದೊಂದೇ, ಇದನ್ನು ಬಿಡಬೇಡಿ ಎಂದಿದ್ದರು.

ನಿಯಮ ಬದಲಾಯಿತು. ಕೃತಜ್ಞತೆಯ ಪ್ರಕಟಣೆಗಳನ್ನು ವರದಿಯ ಹಾಗೆಯೇ ಇಬ್ಬರೂ ಪೂರ್ತಿ ಒತ್ತಬೇಕು. ಹಿಂದೆ ಬಿಟ್ಟವನ್ನೂ ಮತ್ತೆ ಮಾಡಿದೆವು. ಅಜ್ಜಿಯ ಪ್ರಕಟಣೆ ಲವೀನಾಳಿಗೂ ನನಗೂ ಬಂತು. ಅವಳ ಹೆಸರು ಒತ್ತುವಾಗ ನಾನು ಪರದೆಯ ಹತ್ತಿರಕ್ಕೆ ಬಾಗಿ ಒಂದೊಂದೇ ಅಕ್ಷರ ನೋಡಿ ಒತ್ತಿದೆ. ಕೆಂಪು ಬರಲಿಲ್ಲ. ಈ ಸಲ ಸರಿಯಾಗಿದ್ದುದರಿಂದ ಬರಲಿಲ್ಲ.

ಜೋಡಿ ಮುರಿದದ್ದರಿಂದ ನಮಗೊಂದು ಲಾಭವಾಯಿತು. ಈಗ ಇಬ್ಬರ ಪುಟವೂ ಬೇರೆ, ಆದ್ದರಿಂದ ಮಾತನಾಡಬಹುದಿತ್ತು. ಚಾಮರಾಜಪುರಂನಿಂದ ವಿದ್ಯಾರಣ್ಯಪುರಂವರೆಗೆ ಸ್ಕೂಟರಿನಲ್ಲಿ ಮಾತೋ ಮಾತು. "ಇವತ್ತು ನನ್ನ ಪುಟದಲ್ಲಿ ಎರಡು ದ್ವೀಪದ ಬ್ಯಾಂಡಿನೋರು ಹೊಡೆದಾಡ್ಕೊಂಡ್ರು ಕಣೇ, ಯಾರು ಮುಂದೆ ಹೋಗ್ಬೇಕು ಅಂತ." "ನನ್ನದರಲ್ಲಿ ಒಬ್ಬಳಿಗೆ ಮದುವೆ ರೀ, ಹುಡುಗನ್ನ ಫೋಟೋದಲ್ಲಿ ಮಾತ್ರ ನೋಡಿದ್ಲಂತೆ." ಮದುವೆಯಾಗಿ ಅಷ್ಟು ವರ್ಷದ ಮೇಲೆ ನಾವು ಮಾತು ಕಲಿತೆವು. ಈಗ ಸಾಯಂಕಾಲ ನನಗೆ ಕಷ್ಟವಾಗುವುದು ಆ ಹೊತ್ತಿಗೇ.

ನಾವು ಕೆಲಸ ಬಿಡುವ ಹೊತ್ತಿಗೆ ಯಂತ್ರವೇ ಪುಟ ಓದತೊಡಗಿತ್ತು. ಈಗ ಒಬ್ಬರು ಕೂತು ಅದರ ತಪ್ಪು ತಿದ್ದುತ್ತಾರೆ. ಮೊದಮೊದಲು ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಕಲೆಯನ್ನೂ ಅಕ್ಷರ ಎನ್ನುತ್ತಿತ್ತು, ಅಂಥ ತಪ್ಪು ಎದ್ದು ಕಾಣುತ್ತದೆ. ಈಗಿನದಕ್ಕೆ ಅರ್ಥವಾಗುತ್ತದೆ. ಅಳಿಸಿಹೋದ ಜಾಗದಲ್ಲಿ ಏನಿರಬೇಕಿತ್ತೋ ಅದನ್ನು ತಾನೇ ತುಂಬಿ, ಎರಡನ್ನು ಸಲೀಸಾಗಿ ಕೂಡಿಸಿಬಿಡುತ್ತದೆ. ನಾನೂ ಮಹದೇವೂ ಮಾಡಿದ್ದು ಅದನ್ನೇ. ಆದ್ದರಿಂದ ಮಕ್ಕಳೇ, ಓದಲು ಚೆನ್ನಾಗಿರುವ ಪುಟವನ್ನೇ ಹೆಚ್ಚು ಅನುಮಾನದಿಂದ ನೋಡಿ. ಅರ್ಧ ಅಳಿಸಿದ ಗೆರೆ ಇದೆಯೇ ಎಂದು ಹುಡುಕಿ.

ಮಹದೇವು ಕುವೆಂಪುನಗರದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಎದೆಯ ತೊಂದರೆ. ಲವೀನಾ ಬುತ್ತಿ ಕಟ್ಟಿ ತರುತ್ತಿದ್ದಳು. ಪುಟ್ಟಸ್ವಾಮಿ ಸರ್ ಕೋಲೂರಿಕೊಂಡು ಬಂದು, "ಏನೋ ಒಂದೇ ಮನುಷ್ಯ, ಅರ್ಧ ಇಲ್ಲಿ ಮಲಗಿದ್ದೀಯಲ್ಲೋ" ಎಂದರು. ಮಹದೇವು ನಕ್ಕರು. ಅವರು ನಕ್ಕದ್ದು ಅದೇ ಕಡೆ.

ಹನ್ನೊಂದರ ತಿಥಿ ಮುಗಿದ ಮೇಲೆ ಶ್ರುತಿ, "ಪೇಪರಿಗೆ ಶ್ರದ್ಧಾಂಜಲಿ ಕೊಡೋಣ್ವಾಮ್ಮ?" ಎಂದಳು. ನಾನು ಬೇರೆಯದು ಕೊಡಬೇಕು ಎಂದೆ. ಇಬ್ಬರೂ ಜಾಹೀರಾತು ತೆಗೆದುಕೊಳ್ಳುವ ಆಫೀಸಿಗೆ ಹೋದೆವು.

"ಇದ್ಯಾವ ಥರ ಮೇಡಂ? ನಮ್ಮಲ್ಲಿ ಶ್ರದ್ಧಾಂಜಲಿ ಇದೆ, ಪುಣ್ಯಸ್ಮರಣೆ ಇದೆ" ಎಂದರು ಅಲ್ಲಿ ಕೂತಿದ್ದವರು.

"ಕೃತಜ್ಞತೆ ಇಲ್ವಾ?"

"ಅದು ಎಲೆಕ್ಷನ್ ಗೆದ್ದೋರು ಹಾಕಿಸ್ತಾರೆ ಕಣ್ರೀ."

"ನಾನು ಸೋತೋಳು. ಆದ್ರೂ ಹಾಕಿ" ಎಂದೆ. ಅವರು ನನ್ನ ಮುಖ ನೋಡಿ, ಬರೆದು ತನ್ನಿ ಎಂದರು.

ಮನೆಗೆ ಬಂದು ಹಾಳೆಯಲ್ಲಿ ಬರೆದೆ. ಆಮೇಲೆ ಶ್ರುತಿಯ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದೆ. ಒಂದೇ ಕೈಯಲ್ಲಿ ಪುಟ ಪಾಸ್ ಮಾಡಿ ನನಗೆ ಅಭ್ಯಾಸವಿಲ್ಲ. "ನೀನೂ ಒಂದು ಸಲ ಒತ್ತು. ನಂದು ನೋಡ್ಬೇಡ, ಹಾಳೆ ನೋಡು" ಎಂದೆ. ಅವಳು ಬೆನ್ನು ತಿರುಗಿಸಿ ಕೂತು ಫೋನಿನಲ್ಲಿ ಒತ್ತಿದಳು. ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲಿಗೆ ಸಾಲು ನೋಡಿದೆ. ಎಲ್ಲ ಸರಿ ಇತ್ತು. ಕೊನೆಯ ಸಾಲು ಮಾತ್ರ ಬೇರೆ. ನಾನು ಬರೆದದ್ದು ನಮ್ಮ ಕಡೆ ಎಲ್ಲರೂ ಬರೆಯುವ ಹಾಗೆ, ದುಃಖತಪ್ತ ಕುಟುಂಬ ವರ್ಗದವರು ಎಂದು. ಅವಳು ಅಲ್ಲಿ ಒಂದು ಹೆಸರು ಒತ್ತಿದ್ದಳು.

"ಹಾಳೆಯಲ್ಲಿ ಏನಿದೆಯೋ ಅದನ್ನ ಒತ್ಬೇಕು ಕಣೇ. ನಿನಗೆ ತೋಚಿದ್ದಲ್ಲ."

"ಗೊತ್ತಮ್ಮ. ಅಪ್ಪ ಇದ್ದಿದ್ರೂ ಇದೇ ತಪ್ಪು ಮಾಡ್ತಿದ್ರು."

ಮೂರನೆಯವರಾಗಿ ತೀರ್ಮಾನ ಮಾಡಲು ಮನೆಯಲ್ಲಿ ಪುಟ್ಟಸ್ವಾಮಿ ಸರ್ ಇರಲಿಲ್ಲ. ನಾನೇ ಮಾಡಿದೆ. ಪೇಪರಿನಲ್ಲಿ ಬಂದದ್ದು ಹೀಗೆ:

"ನನ್ನ ಯಜಮಾನರಾದ ಮಹದೇವು ಅವರನ್ನು ಕಾಯಿಲೆಯಲ್ಲಿ ಬಂದು ನೋಡಿದವರಿಗೆ, ಬುತ್ತಿ ತಂದುಕೊಟ್ಟ ಲವೀನಾ ಅವರಿಗೆ, ನಗಿಸಿದ ಪುಟ್ಟಸ್ವಾಮಿ ಅವರಿಗೆ, ಹೆಗಲು ಕೊಟ್ಟವರಿಗೆ, ಹಿಂದೆ ನಡೆದವರಿಗೆ, ತಿಥಿಯ ದಿನ ಪಾತ್ರೆ ತೊಳೆದ ಬೀದಿಯ ಹೆಂಗಸರಿಗೆ, ಹೆಸರು ಬಿಟ್ಟುಹೋದ ಎಲ್ಲರಿಗೂ ಕೃತಜ್ಞತೆಗಳು.

ನಾಗರತ್ನ, ವಿದ್ಯಾರಣ್ಯಪುರಂ."